ಕೂಸಿನ ಕೈಯಲ್ಲಿ ರೊಟ್ಟಿಯ ಚೂರು

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ಕನ್ನಡ ಬಾಂಧವರೇ, ಇವತ್ತು ನಾನು ನಿಮ್ಮ ಮುಂದೆ ಇಡುವ ಇತಿಹಾಸ ರಾಜರದ್ದಲ್ಲ, ಕೋಟೆ ಕೊತ್ತಲಗಳದ್ದೂ ಅಲ್ಲ. ನಮ್ಮ ನಿಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಗಂಗಾಳಕ್ಕೆ ಕೈ ಹಾಕಿ, ಬಾಯಿಗೆ ಒಂದು ಪಾಲು, ಮೈಗೆ ಎರಡು ಪಾಲು ಅನ್ನ ಬಳಿದುಕೊಳ್ಳುವ ಒಂದು ವರ್ಷದ ಕೂಸಿನ ಇತಿಹಾಸ. ಇದಕ್ಕೂ ಒಂದು ಇತಿಹಾಸ ಇದೆಯೇ ಎಂದು ನೀವು ನಗಬಹುದು. ನಾನೂ ಹಾಗೆಯೇ ನಗುತ್ತಿದ್ದೆ. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಜಗಳ ನನ್ನ ಕಣ್ಣು ತೆರೆಸಿತು.

ನಾನು ಡಾಕ್ಟರನಲ್ಲ, ಮೇಷ್ಟ್ರೂ ಅಲ್ಲ. ಮೆಟ್ರಿಕ್ ಪಾಸಾಗಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಈ ಮೂರೂ ಊರುಗಳಲ್ಲಿ ಬೇರೆಯವರ ದುಡ್ಡು ಎಣಿಸುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತನಾದವನು. ಒಂದು ಪೈಸೆ ಹೆಚ್ಚುಕಡಿಮೆ ಬಂದರೆ ಸಂಜೆ ಮನೆಗೆ ಹೋಗದೆ ಲೆಕ್ಕ ಹುಡುಕಿದ ಜನ್ಮ ನನ್ನದು. ಅಂಥವನ ಕಣ್ಣೆದುರು ಹನ್ನೊಂದು ತಿಂಗಳ ಮೊಮ್ಮಗ ಬೇಳೆ ಅನ್ನವನ್ನು ಹಿಡಿ ಹಿಡಿ ತೆಗೆದು ನೆಲಕ್ಕೆ ಸುರಿಯುತ್ತಿದ್ದ. ಸೊಸೆ ಪಕ್ಕದಲ್ಲಿ ಕೂತು ಸುಮ್ಮನೆ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಏನವ್ವಾ ಇದು? ಅನ್ನ ಅಂದ್ರ ಆಡೋ ಮಣ್ಣೇನು? ಅದರ ಕೈ ಹಿಡಿದು ಉಣಿಸಬಾರದಾ?" ಎಂದು ಗದರಿದೆ.

"ಮಾವ, ಅಂಗನವಾಡಿ ಟೀಚರಮ್ಮ ಹೇಳ್ಯಾರ್ರೀ. ನೀವು ಒಂದು ತುತ್ತು ಉಣಿಸ್ರಿ, ಅದಕ್ಕೂ ಒಂದು ತುತ್ತು ತಾನೇ ತಿನ್ನಾಕ ಬಿಡ್ರಿ ಅಂತ" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. ಆ ತಿಂಗಳು ಅಂಗನವಾಡಿಯಲ್ಲಿ ತೂಗಿದಾಗ ಕೂಸಿನ ತೂಕ ಏರಿರಲಿಲ್ಲ. ಮನೆಗೆ ಬಂದು ಹೋದವರೆಲ್ಲ ಆಕೆಯನ್ನೇ ಅನ್ನುತ್ತಿದ್ದರು. ನಾನೂ ಅನ್ನುವವರ ಸಾಲಿಗೆ ಸೇರಿದೆ.

ಮೂಲೆಯಲ್ಲಿ ಕೌದಿಯ ಮೇಲೆ ಕೂತಿದ್ದ ನಮ್ಮ ಅವ್ವ, ಎಂಬತ್ತೈದರ ಮುದುಕಿ, ಆಗ ಒಂದು ಮಾತು ಹೇಳಿದಳು. ಆ ಮಾತನ್ನು ಮುಂದೆ ಅದರ ಜಾಗದಲ್ಲಿ ಹೇಳುತ್ತೇನೆ. ಅದನ್ನು ಕೇಳಿದ ಮೇಲೆ ನಾನು ಹಳಬರನ್ನು ಕೇಳಿದೆ, ಸಿಕ್ಕ ಪುಸ್ತಕ ಓದಿದೆ. ತಿಳಿದದ್ದನ್ನು ನಿಮಗೆ ಒಪ್ಪಿಸುತ್ತಿದ್ದೇನೆ.

ಮೊದಲು ನಮ್ಮ ಸೀಮೆಯ ಮಾತು. ನಿಮಗೆಲ್ಲ ಗೊತ್ತಿರುವ ಹಾಗೆ ನಾವು ಗಡಿಯ ಜನ. ನಿಜಾಮರ ಕಾಲದಲ್ಲಿ ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಅವು ಮೆಹಬೂಬನಗರ ಜಿಲ್ಲೆಗೆ ಸೇರಿದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಜೋಗುಳಾಂಬ ಗದ್ವಾಲ್ ಜಿಲ್ಲೆ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ ಬೇರೆಯಾದವು. ಮಕ್ತಲ್ ನಾರಾಯಣಪೇಟೆಯ ಪಾಲಿಗೆ ಬಂತು. ಗೆರೆಗಳು ಹೀಗೆ ಹಲವು ಸಲ ಬದಲಾದವು. ಆದರೆ ಕೂಸಿಗೆ ಉಣಿಸುವ ರೀತಿ ಗೆರೆಯ ಆಚೆಗೂ ಈಚೆಗೂ ಒಂದೇ ಆಗಿತ್ತು. ನಾವು ಕನ್ನಡದಲ್ಲಿ ಕೈತುತ್ತು ಅಂದದ್ದನ್ನು ತೆಲುಗಿನ ನೆರೆಯವರು ಗೋರುಮುದ್ದ ಅಂದರು. ನಾವು ಒಳಲೆ ಅಂದದ್ದನ್ನು ಅವರು ಉಗ್ಗುಗಿನ್ನೆ ಅಂದರು. ಹೆಸರು ಎರಡು, ಬಟ್ಟಲು ಒಂದೇ.

ಆ ಒಳಲೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಒಂದು ಕಡೆ ಕೊಕ್ಕಿನಂಥ ಮೂತಿ ಇರುವ ಪುಟ್ಟ ಬಟ್ಟಲು. ಅಜ್ಜಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಅದರ ಎರಡೂ ಕೈಗಳನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಒಳಲೆಯಲ್ಲಿ ಹಾಲನ್ನೋ ಗಂಜಿಯನ್ನೋ ಬಾಯಿಗೆ ಬಿಡುತ್ತಿದ್ದಳು. ಕೂಸು ಅತ್ತರೆ ಬಾಯಿ ತೆರೆಯುತ್ತಿತ್ತು, ಬಾಯಿ ತೆರೆದರೆ ಗಂಜಿ ಒಳಗೆ ಹೋಗುತ್ತಿತ್ತು. ಪ್ರೀತಿಯಿಂದ ಮಾಡಿದ್ದೇ ಹೌದು. ಆದರೆ ಅಲ್ಲಿ ಕೂಸಿನ ಕೈಗೆ ಕೆಲಸವಿರಲಿಲ್ಲ.

ಹಾಗಾದರೆ ನಮ್ಮ ಹಿರಿಯರು ಕೂಸಿನ ಕೈಗೆ ಏನೂ ಕೊಡಲೇ ಇಲ್ಲವೇ? ಕೊಟ್ಟರು. ಒಲೆಯ ಮುಂದೆ ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತ ಕೂಸಿನ ಕೈಗೆ ಬಿಸಿ ಆರಿದ ಮೆತ್ತನೆಯ ರೊಟ್ಟಿಯ ಚೂರೊಂದು ಬೀಳುತ್ತಿತ್ತು. ಹಲ್ಲಿಲ್ಲದ ಬಾಯಲ್ಲಿ ಅದನ್ನು ಚೀಪುತ್ತ ಕೂಸು ಅರ್ಧ ತಾಸು ಸುಮ್ಮನಿರುತ್ತಿತ್ತು. ಜೋಳದ ರೊಟ್ಟಿಯನ್ನು ಮುಷ್ಟಿಯಲ್ಲಿ ಹಿಡಿಯಲು ಬರುತ್ತದೆ, ಬೇಳೆಯಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ಯಾರೂ ಇದನ್ನು ಪದ್ಧತಿ ಎಂದು ಕರೆಯಲಿಲ್ಲ. ಅವ್ವನ ಕೈಗೆ ಬಿಡುವಿರಲಿಲ್ಲ, ಕೂಸಿನ ಕೈಗೆ ಬಿಡುವಿತ್ತು, ಅಷ್ಟೆ.

ಶಾಸ್ತ್ರದ ಕಡೆಯೂ ಸ್ವಲ್ಪ ನೋಡೋಣ. ಕೂಸಿಗೆ ಆರನೇ ತಿಂಗಳಲ್ಲಿ ಅನ್ನಪ್ರಾಶನ ಮಾಡಬೇಕೆಂದು ಗೃಹ್ಯಸೂತ್ರಗಳು ಹೇಳಿವೆ. ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ, ಆಮೇಲೆ ಅದರ ಜೊತೆಗೆ ಊಟ ಎಂದು ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಹೇಳುತ್ತಿದೆ. ಎರಡೂ ಒಂದೇ ತಿಂಗಳಿಗೆ ಬಂದು ನಿಂತದ್ದು ನೋಡಿ. ನಮ್ಮ ಕಡೆ ಅನ್ನಪ್ರಾಶನದ ದಿನ ಇನ್ನೊಂದು ಆಟವಿದೆ. ಕೂಸಿನ ಮುಂದೆ ಪುಸ್ತಕ, ಪೆನ್ನು, ಬಂಗಾರ, ಹಣ, ಅನ್ನದ ಬಟ್ಟಲು ಇಡುತ್ತಾರೆ. ಕೂಸು ಅಂಬೆಗಾಲಿಟ್ಟು ಹೋಗಿ ಯಾವುದನ್ನು ಹಿಡಿಯುತ್ತದೋ ಅದೇ ಅದರ ಮುಂದಿನ ಬಾಳು ಎಂದು ನಗುತ್ತೇವೆ. ಇಡೀ ಬಾಳಿನ ಆಯ್ಕೆಯನ್ನು ಆ ಪುಟ್ಟ ಕೈಗೆ ಬಿಡುತ್ತೇವೆ. ಮರುದಿನದಿಂದ ಒಂದು ತುತ್ತು ಅನ್ನದ ಆಯ್ಕೆಯನ್ನೂ ಅದಕ್ಕೆ ಬಿಡುವುದಿಲ್ಲ. ಇದು ನನಗೆ ಈಗ ವಿಚಿತ್ರವಾಗಿ ಕಾಣುತ್ತದೆ.

ಇನ್ನು ದೇವರ ಮನೆಯ ಗೋಡೆ ನೋಡಿ. ಅಲ್ಲಿ ಬಾಲಕೃಷ್ಣನ ಪಟವಿದೆ. ಗಡಿಗೆಯೊಳಗೆ ಕೈ, ಬಾಯಿಗೆಲ್ಲ ಬೆಣ್ಣೆ, ನೆಲದ ಮೇಲೆ ಚೆಲ್ಲಿದ ಮೊಸರು. ನಮ್ಮ ಸೀಮೆ ದಾಸರ ಸೀಮೆ. ಮಾನವಿಯ ಜಗನ್ನಾಥದಾಸರು ಇಲ್ಲಿಂದ ದೂರದವರಲ್ಲ. ಅವರ ಗುರುಗಳಾದ ಗೋಪಾಲದಾಸರು 18ನೇ ಶತಮಾನದಲ್ಲಿ ನೆಲೆಸಿದ್ದು ಗದ್ವಾಲ್ ಸೀಮೆಯ ಉತ್ತನೂರಿನಲ್ಲಿ. ಬೆಣ್ಣೆ ಕದ್ದವನ, ಮಣ್ಣು ತಿಂದವನ ಲೀಲೆಯನ್ನು ಹರಿದಾಸರು ಹಾಡಿದರು, ನಾವು ಭಜನೆಯಲ್ಲಿ ತಾಳ ಹಾಕಿ ಕೇಳಿದೆವು. ಪಟದೊಳಗಿನ ಕೂಸು ಬಾಯಿ ಬಳಿದುಕೊಂಡರೆ ಕೈ ಮುಗಿಯುತ್ತೇವೆ. ಪಟದ ಕೆಳಗಿನ ಕೂಸು ಬಳಿದುಕೊಂಡರೆ ಏಟು ಹಾಕುತ್ತೇವೆ. ಯಾಕೆ ಹೀಗೆ?

ಇದಕ್ಕೆ ಉತ್ತರ ಅವ್ವ ಹೇಳಿದ ಆ ಮಾತಿನಲ್ಲಿದೆ.

ಅವ್ವ ಹೇಳಿದ್ದು ಇಷ್ಟು: "ತಮ್ಮಾ, ಆ ಹುಡುಗಿನ್ನ ಯಾಕ ಬೈತಿ? ನಿನ್ನ ತಂಗಿ ಕೈ ನಾನೂ ಹಿಡಿದಿದ್ದೆ, ಬರದ ವರ್ಷ. ಅದು ಶಿಸ್ತು ಕಲಿಸಾಕಲ್ಲೋ. ಮನ್ಯಾಗ ಇದ್ದದ್ದು ಒಂದ ರೊಟ್ಟಿ. ಅದು ಚೆಲ್ಲಿದ್ರ ನಿನಗ ಏನ್ ಹಾಕಲಿ?"

ನಾನು ದಂಗಾಗಿ ಕೂತೆ. ಅದು 1972ರ ಬರ. ನನಗಾಗ ಹನ್ನೆರಡು ವರ್ಷ. ತಂಗಿಗೆ ಒಂದೂವರೆ. ಅವ್ವ ಅವಳ ಎರಡು ಕೈಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಉಣಿಸುತ್ತಿದ್ದದ್ದು ನನಗೆ ನೆನಪಿತ್ತು. ಮಕ್ಕಳನ್ನು ಹೀಗೆ ಬೆಳೆಸಬೇಕು ಎಂದು ನಾನು ಅದರಿಂದ ಪಾಠ ಕಲಿತಿದ್ದೆ. ಐವತ್ತು ವರ್ಷ ಆ ಪಾಠವನ್ನು ನಂಬಿದ್ದೆ. ಅದು ಪಾಠವಲ್ಲ, ಹಸಿವು ಎಂದು ಅವ್ವ ಈಗ ಹೇಳಿದಳು.

ಬಂಧುಗಳೇ, ನಮ್ಮ ಸೀಮೆಗೆ ಹಸಿವಿನ ನೆನಪು ಬಹಳ ಹಳೆಯದು. 1876ರಿಂದ 1878ರವರೆಗಿನ ಮಹಾಬರ ಮೈಸೂರು, ಮದ್ರಾಸು, ಮುಂಬಯಿ, ಹೈದರಾಬಾದು ಸೀಮೆಗಳನ್ನೆಲ್ಲ ಸುಟ್ಟಿತು. ಅದು ಧಾತು ಸಂವತ್ಸರದಲ್ಲಿ ಬಂದದ್ದರಿಂದ ತೆಲುಗಿನ ಹಿರಿಯರು ಅದನ್ನು ಧಾತ ಕರವು ಎಂದರು. ಅಂಥ ಬರಗಳನ್ನು ಉಂಡ ಜನರ ಮೊಮ್ಮಕ್ಕಳು ನಾವು. ನೆಲಕ್ಕೆ ಬಿದ್ದ ಒಂದು ಕಾಳು ಅನ್ನವನ್ನೂ ಎತ್ತಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುವುದು ನಮ್ಮ ರಕ್ತದಲ್ಲಿದೆ. ಅದು ಒಳ್ಳೆಯ ಗುಣ. ನಾನು ಅದನ್ನು ಬಿಡಿ ಎನ್ನುವುದಿಲ್ಲ. ಆದರೆ ಹಸಿವಿನ ಕಾಲದಲ್ಲಿ ಕೂಸಿನ ಕೈ ಕಟ್ಟಿದ್ದನ್ನು ತುಂಬಿದ ಮನೆಯಲ್ಲೂ ಕಟ್ಟಬೇಕೇ ಎಂಬುದು ನನ್ನ ಪ್ರಶ್ನೆ.

ಕೈ ಕಟ್ಟಲು ಹಸಿವಿನ ಜೊತೆಗೆ ದುಡಿಮೆಯೂ ಒಂದು ಕಾರಣ. ನಾರಾಯಣಪೇಟೆಯ ಸೀರೆ, ಗದ್ವಾಲ್ ಸೀರೆ ಎಂದರೆ ದೇಶಕ್ಕೆಲ್ಲ ಗೊತ್ತು. ಗದ್ವಾಲ್ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಗುಂಡಿ ಮಗ್ಗ ನೆಲದ ಮಟ್ಟದಲ್ಲೇ ಇರುತ್ತದೆ. ಗಂಡ ಮಗ್ಗದಲ್ಲಿ ಕೂತರೆ ಹೆಂಡತಿ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಾಳೆ. ತೆವಳುವ ಕೂಸಿನ ಬೇಳೆ ಅಂಟಿದ ಕೈ ಒಂದು ಸಲ ರೇಷ್ಮೆಯ ಹಾಸಿಗೆ ತಾಗಿದರೆ ವಾರದ ಕೂಲಿ ಹೋಯಿತು. ಅಂಥ ಮನೆಯಲ್ಲಿ ಕೂಸಿನ ಕೈ ಒದ್ದೆಯಾಗದಂತೆ ಉಣಿಸಿದ ತಾಯಿಯನ್ನು ಯಾರು ತಪ್ಪು ಅಂದಾರು? ಇನ್ನು ಪಾಲಮೂರು ಕೂಲಿಯವರ ಕತೆ ನಿಮಗೆ ಗೊತ್ತಿದ್ದದ್ದೇ. ಮೆಹಬೂಬನಗರ ಜಿಲ್ಲೆಯ ಜನ ದೇಶದ ನಾನಾ ಕಡೆ ಅಣೆಕಟ್ಟು, ಕಾಲುವೆ, ರಸ್ತೆ ಕಟ್ಟಲು ಗುಳೆ ಹೋದರು. ಕೆಲಸದ ಜಾಗದಲ್ಲಿ ಮರದ ಕೊಂಬೆಗೆ ಸೀರೆಯ ಜೋಲಿ, ಅದನ್ನು ತೂಗಲು ಏಳು ವರ್ಷದ ಅಕ್ಕ. ಬಿಡುವು ಸಿಕ್ಕ ಹತ್ತು ನಿಮಿಷದಲ್ಲಿ ತಾಯಿ ಓಡಿ ಬಂದು ಕೂಸಿನ ಬಾಯಿಗೆ ತುರುಕಿ ಹೋಗಬೇಕು. ಕೂಸು ತಾನೇ ತಿನ್ನಲಿ ಎಂದು ಕಾಯಲು ಆಕೆಗೆ ಹೊತ್ತೆಲ್ಲಿತ್ತು?

ಮೂರನೆಯ ಕಾರಣ ನನ್ನ ಕಣ್ಣೆದುರೇ ಬಂದದ್ದು. ಅದು ತಟ್ಟೆಯ ಬದಲಾವಣೆ. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ ಎರಡು ರೂಪಾಯಿಯ ಅಕ್ಕಿ ಕೊಡಲು ಶುರು ಮಾಡಿತು. ಆಮೇಲೆ 1995ರಲ್ಲಿ ಕೃಷ್ಣೆಗೆ ಕಟ್ಟಿದ ಜೂರಾಲ ಅಣೆಕಟ್ಟು ಉದ್ಘಾಟನೆಯಾಯಿತು. ಜೋಳದ ಹೊಲ ಕೆಲವು ಕಡೆ ಭತ್ತದ ಗದ್ದೆಯಾಯಿತು. ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಅನ್ನ ದಿನದ ಊಟವಾಯಿತು. ಹಸಿವು ಕಡಿಮೆಯಾಯಿತು, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ನನಗೆ ಕಂಡ ಒಂದು ಸಂಗತಿ ಹೇಳುತ್ತೇನೆ. ರೊಟ್ಟಿಯ ಚೂರನ್ನು ಕೂಸು ಹಿಡಿಯಬಲ್ಲದು. ಮೆತ್ತಗೆ ಕಲಸಿದ ಅನ್ನವನ್ನು ಹಿಡಿದರೆ ಬೆರಳ ಸಂದಿಯಿಂದ ಜಾರುತ್ತದೆ. ರೊಟ್ಟಿ ಹೋಗಿ ಅನ್ನ ಬಂದಾಗ ಕೂಸಿನ ಕೈಯಿಂದ ಊಟ ಜಾರಿ ದೊಡ್ಡವರ ಕೈಗೆ ಹೋಯಿತು.

ಹಾಗೆಂದು ಹಳೆಯದೆಲ್ಲ ಬಂಗಾರ ಎಂದು ನಾನು ಹೇಳುತ್ತಿಲ್ಲ. ಜೋಳವನ್ನೇ ನಂಬಿ ಬದುಕಿದ ದಖ್ಖನ್ನಿನ ಬಡವರಿಗೆ ಪೆಲಾಗ್ರಾ ಎಂಬ ಚರ್ಮದ ಕಾಯಿಲೆ ಬರುತ್ತಿತ್ತು. ಹೈದರಾಬಾದಿನಲ್ಲಿ ಅದರ ಬಗ್ಗೆ ಸಂಶೋಧನೆ ಮಾಡಿ ಡಾ. ಸಿ. ಗೋಪಾಲನ್ ಮತ್ತು ಅವರ ಜೊತೆಗಾರರು 1960ರಲ್ಲಿ ಲೇಖನ ಬರೆದರು. ರೊಟ್ಟಿಯ ಜೊತೆಗೆ ಬೇಳೆ, ಸೊಪ್ಪು, ಹಾಲು, ಮೊಟ್ಟೆ ಇರಲೇಬೇಕು.

ಆಮೇಲೆ ಬಂದದ್ದು ಡಬ್ಬಿ. ದುಂಡು ಕೂಸಿನ ಚಿತ್ರವಿರುವ ಡಬ್ಬಿಯ ಪುಡಿ ತಿನ್ನಿಸಿದರೇ ಒಳ್ಳೆಯ ತಾಯಿ ಎಂಬ ನಂಬಿಕೆ ಪೇಟೆಯಿಂದ ಹಳ್ಳಿಗೆ ಬಂತು. ಸರ್ಕಾರ ಇದನ್ನು ತಡೆಯಲು 1992ರಲ್ಲಿ ಕಾನೂನು ಮಾಡಿತು. 2003ರ ತಿದ್ದುಪಡಿಯಿಂದ ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರದ ಜಾಹೀರಾತು ನಿಂತಿತು. ಡಬ್ಬಿ ಸ್ವಲ್ಪ ಹಿಂದೆ ಸರಿಯಿತು ಅನ್ನುವಷ್ಟರಲ್ಲಿ ಮೊಬೈಲು ಬಂತು. ಮೊದಲು ಚಂದಮಾಮನನ್ನು ತೋರಿಸಿ ತುತ್ತು ಕೊಡುತ್ತಿದ್ದೆವು. ಚಂದಮಾಮ ದೂರದಲ್ಲಿದ್ದ, ಕೂಸು ಅವನನ್ನು ನೋಡಿ ಮತ್ತೆ ಅವ್ವನ ಮುಖ ನೋಡುತ್ತಿತ್ತು. ಮೊಬೈಲು ನೋಡುವ ಕೂಸು ಅವ್ವನ ಮುಖವನ್ನೂ ನೋಡುವುದಿಲ್ಲ, ತುತ್ತನ್ನೂ ನೋಡುವುದಿಲ್ಲ. ಬಾಯಿ ತೆರೆಯುತ್ತದೆ, ನುಂಗುತ್ತದೆ. ಹಳೆಯ ಒಳಲೆಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಈಗ ಹೊರಗಿನ ಪ್ರಪಂಚದವರು ಏನು ಕಂಡರು ನೋಡೋಣ. ಅಮೆರಿಕದಲ್ಲಿ ಕ್ಲಾರಾ ಡೇವಿಸ್ ಎಂಬ ಡಾಕ್ಟರಮ್ಮ ಇದ್ದರು. ಆ ಕಾಲದಲ್ಲಿ ಅಲ್ಲಿ ಕೂಸಿಗೆ ಇಷ್ಟು ಹೊತ್ತಿಗೆ ಇಷ್ಟೇ ಅಳತೆ ಎಂದು ಡಾಕ್ಟರುಗಳು ಬರೆದು ಕೊಡುತ್ತಿದ್ದರು. ತಿನ್ನದಿದ್ದರೆ ಬಲವಂತ. ಆಕೆ ಆಗಷ್ಟೇ ಹಾಲು ಬಿಡುವ ಕೂಸುಗಳ ಮುಂದೆ ಬೇರೆ ಬೇರೆ ಬಟ್ಟಲಲ್ಲಿ ಆಹಾರ ಇಡಿಸಿದರು. ಒಟ್ಟು 34 ಬಗೆ. ನರ್ಸು ಚಮಚ ಹಿಡಿದು ಸುಮ್ಮನೆ ಕೂತಿರಬೇಕು, ಕೂಸು ಕೈ ತೋರಿಸಿದರೆ ಮಾತ್ರ ಕೊಡಬೇಕು. ಕೂಸು ಕೈಯಿಂದ ತಿಂದರೆ ತಡೆಯಬಾರದು. 1928ರಲ್ಲಿ ಮೊದಲ ಮೂರು ಕೂಸುಗಳ ವರದಿ ಬಂತು, 1939ರಲ್ಲಿ ಹದಿನೈದು ಮಕ್ಕಳದ್ದು. ಒಂದೊಂದು ಕೂಸು ಒಂದೊಂದು ರೀತಿ ತಿಂದಿತು, ಆದರೆ ಎಲ್ಲವೂ ಚೆನ್ನಾಗಿ ಬೆಳೆದವು. ಇದರಲ್ಲಿ ಒಂದು ಗುಟ್ಟಿದೆ ಎಂದು ಆಕೆಯೇ ಹೇಳಿದರು. ಆ ಬಟ್ಟಲುಗಳಲ್ಲಿ ಸಕ್ಕರೆಯ ತಿಂಡಿ ಇರಲಿಲ್ಲ, ಇದ್ದದ್ದೆಲ್ಲ ಹಣ್ಣು, ತರಕಾರಿ, ಕಾಳು, ಹಾಲು, ಮಾಂಸ, ಮೊಟ್ಟೆ. ಅಂದರೆ ಏನನ್ನು ಇಡಬೇಕು ಎಂಬುದು ದೊಡ್ಡವರ ಕೆಲಸ, ಎಷ್ಟು ತಿನ್ನಬೇಕು ಎಂಬುದು ಕೂಸಿನ ಕೆಲಸ.

ಅಮೆರಿಕದ ಮಾತು ನಮಗೇಕೆ ಅಂದೀರಿ. ನಮ್ಮ ರಾಜ್ಯದ್ದೇ ಹೇಳುತ್ತೇನೆ. ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 1918ರಲ್ಲಿ ಕೂನೂರಿನಲ್ಲಿ ಶುರುವಾಗಿ ಆಮೇಲೆ ಹೈದರಾಬಾದಿಗೆ ಬಂದ ಸಂಸ್ಥೆ ಅದು. ಅಲ್ಲಿನ ಶಹನಾಜ್ ವಜೀರ್ ಮತ್ತು ಜೊತೆಗಾರರು ನಲ್ಗೊಂಡ ಜಿಲ್ಲೆಯ 60 ಹಳ್ಳಿಗಳಲ್ಲಿ 600 ತಾಯಿ ಮಕ್ಕಳ ಜೊತೆ ಒಂದು ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಹಳ್ಳಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಅಂಗನವಾಡಿಯ ಎಂದಿನ ಸೇವೆ ಮಾತ್ರ. ಎರಡನೆಯದಕ್ಕೆ ಅದರ ಜೊತೆಗೆ ಯಾವ ವಯಸ್ಸಿಗೆ ಏನು ಉಣಿಸಬೇಕು ಎಂಬ ತಿಳಿವಳಿಕೆ. ಮೂರನೆಯದಕ್ಕೆ ಇದೆಲ್ಲದರ ಜೊತೆಗೆ ಹೇಗೆ ಉಣಿಸಬೇಕು ಎಂಬುದು, ಅಂದರೆ ಕೂಸಿನ ಹಸಿವಿನ ಗುರುತು, ಸಾಕು ಎನ್ನುವ ಗುರುತು ನೋಡಿ ಅದಕ್ಕೆ ತಕ್ಕಂತೆ ನಡೆಯುವುದು, ಮತ್ತು ಕೂಸಿನ ಜೊತೆ ಆಟ. ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಕೂಸಿಗೆ ಮೂರು ತಿಂಗಳಾದಾಗಿನಿಂದ ಹದಿನೈದು ತಿಂಗಳವರೆಗೆ ಮನೆ ಮನೆಗೆ ಕಳಿಸಿದರು. ಎರಡನೆಯ ಗುಂಪಿನ ಕೂಸುಗಳು ಉದ್ದ ಬೆಳೆಯುವುದರಲ್ಲಿ ಮುಂದೆ ಬಂದವು. ಮೂರನೆಯ ಗುಂಪಿನವು ಬುದ್ಧಿಯ ಬೆಳವಣಿಗೆಯ ಅಂಕದಲ್ಲಿ ಮುಂದೆ ಬಂದವು. ಊಟ ಹೊಟ್ಟೆಗೆ ಮಾತ್ರ ಹೋಗುವುದಿಲ್ಲ, ಉಣಿಸುವ ರೀತಿ ತಲೆಗೂ ಹೋಗುತ್ತದೆ ಎಂದು ನನಗೆ ಇದರಿಂದ ತಿಳಿಯಿತು.

ಇಂಗ್ಲೆಂಡಿನಲ್ಲಿ ಗಿಲ್ ರಾಪ್ಲೀ ಎಂಬ ಆರೋಗ್ಯ ಕಾರ್ಯಕರ್ತೆ 2008ರಲ್ಲಿ ಟ್ರೇಸಿ ಮರ್ಕೆಟ್ ಅವರೊಂದಿಗೆ ಪುಸ್ತಕ ಬರೆದು, ಚಮಚ ಬಿಟ್ಟು ಕೂಸು ತನ್ನ ಕೈಯಿಂದಲೇ ತಿನ್ನಲಿ ಎಂದರು. ಅದು ದೊಡ್ಡ ಸುದ್ದಿಯಾಯಿತು. ನಮ್ಮ ಅವ್ವನಿಗೆ ಹೇಳಿದರೆ, "ಇದಕ್ಕೂ ಪುಸ್ತಕ ಬೇಕೇನೋ?" ಎಂದು ನಕ್ಕಳು. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂಬ ಭಯ ನಮ್ಮೆಲ್ಲರಿಗೂ ಇದೆ. ನ್ಯೂಜಿಲೆಂಡಿನಲ್ಲಿ 206 ಕುಟುಂಬಗಳ ಜೊತೆ ಇದನ್ನು ಪರೀಕ್ಷಿಸಿದರು. ಎಂಥ ಆಹಾರ ಕೊಡಬಾರದೆಂದು ಮೊದಲೇ ತಿಳಿಸಿ ಹೇಳಿದಾಗ, ತಾವೇ ತಿನ್ನುವ ಕೂಸುಗಳಿಗೆ ಗಂಟಲು ಕಟ್ಟುವುದು ಚಮಚದ ಕೂಸುಗಳಿಗಿಂತ ಹೆಚ್ಚಾಗಲಿಲ್ಲ ಎಂದು 2016ರಲ್ಲಿ ವರದಿ ಬಂತು. ಆದರೆ ಎರಡೂ ಗುಂಪಿನಲ್ಲಿ ಬಹಳ ಮನೆಯವರು ಅಪಾಯದ ಪದಾರ್ಥಗಳನ್ನು ಕೊಡುತ್ತಿದ್ದರು ಎಂದೂ ಅದೇ ವರದಿ ಎಚ್ಚರಿಸಿತು. ತಾನೇ ತಿಂದ ಕೂಸುಗಳಲ್ಲಿ ಊಟಕ್ಕೆ ಹಠ ಮಾಡುವುದು ಸ್ವಲ್ಪ ಕಡಿಮೆ ಕಂಡಿತು. ತೂಕದಲ್ಲಿ ಭೇದವಿರಲಿಲ್ಲ. ಆದ್ದರಿಂದ ಇದನ್ನು ಜಾದೂ ಎಂದು ತಿಳಿಯಬೇಡಿ.

ಇನ್ನು ನನ್ನ ಮನೆಯ ಲೆಕ್ಕ. ಅವ್ವನ ಮಾತು ಕೇಳಿದ ಮೇಲೂ ಗುಮಾಸ್ತನ ಬುದ್ಧಿ ಬಿಡಲಿಲ್ಲ. ಎಷ್ಟು ನಷ್ಟ ನೋಡೇಬಿಡೋಣ ಎಂದು ಒಂದು ವಾರ ಮೊಮ್ಮಗನ ಕೆಳಗೆ ಹಳೆಯ ಪಂಚೆ ಹಾಸಿ, ಪ್ರತಿ ಊಟದ ನಂತರ ಚೆಲ್ಲಿದ್ದನ್ನು ಒಂದು ಬಟ್ಟಲಿಗೆ ಕೂಡಿಸಿದೆ. ದಿನಕ್ಕೆ ನನ್ನ ಒಂದು ಹಿಡಿ ತುಂಬಲಿಲ್ಲ. ಅದನ್ನೂ ನೆರೆಮನೆಯ ಕೋಳಿಗಳು ಬಿಡಲಿಲ್ಲ. ಈ ಒಂದು ಹಿಡಿಗಾಗಿ ನಾನು ಸೊಸೆಯ ಕಣ್ಣಲ್ಲಿ ನೀರು ತರಿಸಿದ್ದೆ. 1988ರಲ್ಲಿ ಇದೇ ಒಂದು ಹಿಡಿಗಾಗಿ ನನ್ನ ಮಗನ ಪುಟ್ಟ ಕೈಗೆ ಏಟು ಹಾಕಿದ್ದೆ. ಅವನು ಆರು ವರ್ಷದವರೆಗೆ ತಾಯಿ ಉಣಿಸದೆ ಉಣ್ಣಲಿಲ್ಲ. ಶಾಲೆಯಲ್ಲಿ ಬುತ್ತಿ ಹಾಗೇ ವಾಪಸು ಬರುತ್ತಿತ್ತು. ಹುಡುಗನಿಗೆ ಹಸಿವೇ ಇಲ್ಲ ಎಂದು ಊರೂರು ಡಾಕ್ಟರ ಹತ್ತಿರ ಅಲೆದೆ. ತಪ್ಪು ಯಾವ ಪುಟದಲ್ಲಿದೆ ಎಂದು ನನಗೆ ಈಗ ಸಿಕ್ಕಿತು.

ಒಂದೇ ವಾರಕ್ಕೆ ಮೊಮ್ಮಗ ದಪ್ಪಗಾಗಲಿಲ್ಲ. ಆದರೆ ಬಟ್ಟಲು ಕಂಡರೆ ಮುಖ ತಿರುಗಿಸುತ್ತಿದ್ದವನು ಬಟ್ಟಲಿನ ಕಡೆ ತೆವಳಿ ಬರಲು ಶುರು ಮಾಡಿದ. ಮೂರನೆಯ ತಿಂಗಳು ಅಂಗನವಾಡಿಯ ತಕ್ಕಡಿಯ ಮುಳ್ಳೂ ಏರಿತು. ಆ ದಿನ ಸೊಸೆ ನನಗೆ ಚಹಾ ಕೊಡುವಾಗ ನಕ್ಕಳು.

ತಾಯಂದಿರೇ, ಅತ್ತೆಯರೇ, ಮುಖ್ಯವಾಗಿ ನನ್ನಂಥ ಮಾವಂದಿರೇ, ಮಾಡಬೇಕಾದದ್ದು ಬಹಳವಿಲ್ಲ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು ಮಾತ್ರ. ಆಮೇಲೆ ಆಸರೆಯಿಂದ ಕೂರಲು ಬಂದ, ಕತ್ತು ನಿಲ್ಲಿಸುವ ಕೂಸನ್ನು ಮನೆಯವರ ಊಟದ ಪಂಕ್ತಿಯಲ್ಲೇ ಕೂರಿಸಿ. ಎರಡು ಬಟ್ಟಲು ಇಡಿ. ಒಂದು ನಿಮ್ಮ ಕೈಗೆ, ಒಂದು ಕೂಸಿನ ಕೈಗೆ. ನೀವೂ ಉಣಿಸಿ, ಅದೂ ತಿನ್ನಲಿ. ಸಣ್ಣ ಕೂಸಿಗೆ ನೀವೇ ಉಣಿಸಿ, ಬೆಳೆದಂತೆ ತಾನೇ ತಿನ್ನುವಾಗ ನೆರವಾಗಿ, ಉತ್ತೇಜಿಸಿ, ಬಲವಂತ ಬೇಡ, ಗಮನ ಕೆಡಿಸುವ ವಸ್ತು ದೂರವಿಡಿ, ಮುಖ ನೋಡಿ ಮಾತಾಡಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಸೇರಿ ತಂದ 2003ರ ಸೂಚನೆಗಳೂ ಇದನ್ನೇ ಹೇಳುತ್ತವೆ. ಬೇಳೆಯಲ್ಲಿ ನೆನೆದ ಮೆತ್ತನೆಯ ರೊಟ್ಟಿ, ಬೆರಳಲ್ಲಿ ಹಿಚುಕಿದರೆ ಮುದ್ದೆಯಾಗುವಷ್ಟು ಬೆಂದ ಗೆಣಸು, ಕುಂಬಳಕಾಯಿ, ಮಾಗಿದ ಬಾಳೆಹಣ್ಣು, ಬೇಯಿಸಿದ ಮೊಟ್ಟೆಯ ತುಂಡು, ಇವು ಕೂಸಿನ ಕೈಗೆ ಒಗ್ಗುತ್ತವೆ. ಅಂಗನವಾಡಿಯಲ್ಲಿ ಕೊಡುವ ಬಾಲಾಮೃತದ ಪುಡಿಯನ್ನು ಸ್ವಲ್ಪ ಗಟ್ಟಿಯಾಗಿ ಕಲಸಿ ಪುಟ್ಟ ಉಂಡೆ ಮಾಡಿ, ಮೆತ್ತಗಿದೆಯೇ ನೋಡಿ ಕೊಡಬಹುದು.

ಬೇಡವಾದದ್ದೂ ಕೇಳಿ. ನಮ್ಮದು ಶೇಂಗಾದ ಸೀಮೆ. ಇಡೀ ಶೇಂಗಾ ಕಾಳು, ಪುಟಾಣಿ, ಇಡೀ ದ್ರಾಕ್ಷಿ, ಹಸಿ ಗಜ್ಜರಿಯ ತುಂಡು, ಗಟ್ಟಿಯಾದ ಕಟಕ ರೊಟ್ಟಿ, ಇವು ಸಣ್ಣ ಮಕ್ಕಳ ಕೈಗೆ ಸಿಗಬಾರದು. ಶೇಂಗಾ ಕೊಡುವುದಾದರೆ ನುಣ್ಣಗೆ ಅರೆದು ಊಟದಲ್ಲಿ ಬೆರೆಸಿ. ವರ್ಷ ತುಂಬುವವರೆಗೆ ಜೇನುತುಪ್ಪ ಬೇಡ. ಕೂಸನ್ನು ಮಲಗಿಸಿ ತಿನ್ನಿಸಬೇಡಿ, ಒಂಟಿಯಾಗಿ ಬಿಟ್ಟು ಏಳಬೇಡಿ. ಸದ್ದು ಮಾಡಿ ಕೆಮ್ಮುವ ಕೂಸು ತಾನೇ ಸರಿಮಾಡಿಕೊಳ್ಳುತ್ತಿದೆ ಎಂದು ತಿಳಿಯಿರಿ, ಬಾಯಿಗೆ ಬೆರಳು ಹಾಕಬೇಡಿ. ಸದ್ದೇ ನಿಂತು ಮುಖ ಬಣ್ಣಗೆಟ್ಟರೆ ಮಾತ್ರ ಕೂಸನ್ನು ತಲೆ ಕೆಳಗಾಗುವಂತೆ ತೋಳಿನ ಮೇಲೆ ಬೋರಲು ಹಾಕಿ ಬೆನ್ನಿನ ನಡುವೆ ತಟ್ಟಿ, ಜನರನ್ನು ಕೂಗಿ, 108ಕ್ಕೆ ಫೋನು ಮಾಡಿಸಿ. ಎಲ್ಲಕ್ಕಿಂತ ಮೊದಲು, ಊಟಕ್ಕೆ ಮುಂಚೆ ಕೂಸಿನ ಕೈ, ನಿಮ್ಮ ಕೈ ಎರಡನ್ನೂ ಸಾಬೂನಿನಿಂದ ತೊಳೆಯಿರಿ. ಕೈ ತೊಳೆದಿದ್ದರೆ ಮೈಗೆ ಹತ್ತಿದ ಅನ್ನ ಹೊಲಸಲ್ಲ.

ಮುಗಿಸುವ ಮುನ್ನ ಒಂದು ಮಾತು. ನಮ್ಮ ಗಡಿಯ ಮಕ್ಕಳು ಮಾತು ಕಲಿಯುವಾಗ ಎರಡು ಭಾಷೆ ಕಲಸುತ್ತವೆ. ಮೊಮ್ಮಗ ಈಗ ಅರ್ಧ ಕನ್ನಡ, ಅರ್ಧ ತೆಲುಗು ಸೇರಿಸಿ "ಅವ್ವಾ, ನೀಳ್ಳು ಬೇಕು" ಅನ್ನುತ್ತಾನೆ. ನಾವು ಬೈಯುವುದಿಲ್ಲ. ಎತ್ತಿ ಮುದ್ದಾಡಿ ನೀರು ಕೊಡುತ್ತೇವೆ. ತಪ್ಪುತ್ತ ತಪ್ಪುತ್ತಲೇ ಎರಡು ಭಾಷೆಯೂ ಅವನ ನಾಲಿಗೆಗೆ ಹತ್ತುತ್ತವೆ ಎಂಬ ನಂಬಿಕೆ ನಮಗಿದೆ. ಅದೇ ನಂಬಿಕೆಯನ್ನು ಅವನ ಕೈಯ ಮೇಲೂ ಇಡಬಾರದೇ?

ಬರದ ವರ್ಷ ಅವ್ವ ಹಿಡಿದ ಕೈಯನ್ನು ಅವ್ವನೇ ಬಿಡಿಸಿದಳು. ಈಗ ಊಟದ ಹೊತ್ತಿಗೆ ಮೊಮ್ಮಗ ಅವಳ ಪಕ್ಕದಲ್ಲೇ ಕೂರುತ್ತಾನೆ. ಹಲ್ಲಿಲ್ಲದ ಮುದುಕಿಯೂ ಬೇಳೆಯಲ್ಲಿ ನೆನೆದ ರೊಟ್ಟಿ ತಿನ್ನುತ್ತಾಳೆ, ಹಲ್ಲು ಬರುತ್ತಿರುವ ಮರಿಮೊಮ್ಮಗನೂ ಅದನ್ನೇ ತಿನ್ನುತ್ತಾನೆ. ಇಬ್ಬರ ಮುಂದೆಯೂ ನಾಲ್ಕು ಚೂರು ಚೆಲ್ಲಿರುತ್ತದೆ. ನಾನು ಎಣಿಸುವುದನ್ನು ಬಿಟ್ಟಿದ್ದೇನೆ.